ನೀರಿನ ಪಾಳಿ ಕೇಳಿ ಮೇಲ್ ಕಳಿಸುವ ಗೊಲ್ಲಾಳಮ್ಮ

ಬೆಳಗಿನ ಐದೂವರೆ. ಶಹಾಪುರದ ಹಳೆ ಬಜಾರಿನ ಮಹಡಿಯ ಮೇಲಿರುವ ಕೋಚಿಂಗ್ ಸೆಂಟರಿನ ಶಟರ್ ಅರ್ಧ ಮಾತ್ರ ಮೇಲೆ ಹೋಗಿದೆ. ಬಗ್ಗಿ ಒಳಗೆ ನುಗ್ಗಿದ ಗೊಲ್ಲಾಳಮ್ಮ ಕಂಪ್ಯೂಟರ್ ಚಾಲೂ ಮಾಡಿ, ಅದು ಎಚ್ಚರಾಗುವಷ್ಟರಲ್ಲಿ ಒಂದು ಫೋನ್ ಹಚ್ಚುತ್ತಾರೆ.

"ದುರಗಪ್ಪ ಕಾಕಾ, ನೀರು ಇವತ್ತ ಯಾವ ಕಡಿ ಹೊಂಟಾದ್ರಿ?"

"ಹುಣಸಗಿ ಕಡಿ ನಿನ್ನಿ ಸಂಜಿಗಿ ಬಂದ್ ಆಗ್ಯಾದವ್ವ. ಇನ್ನ ಒಂದ್ ವಾರ ಬಿಡಂಗಿಲ್ಲ."

ದುರಗಪ್ಪ ಕೆನಾಲಿನ ಗೇಟು ನೋಡಿಕೊಳ್ಳುವವರು. ಅವರ ಮಾತು ಕೇಳಿ ಗೊಲ್ಲಾಳಮ್ಮ ಪರದೆಯ ಮೇಲೆ ಮುನ್ನೂರು ಚಿಲ್ಲರೆ ಹೆಸರುಗಳ ಮುಂದೆ ಗುರುತು ಹಾಕುತ್ತಾರೆ. ಅಷ್ಟೂ ಜನಕ್ಕೆ ಆರು ಗಂಟೆಯೊಳಗೆ ಒಂದು ಮೇಲ್ ಹೋಗುತ್ತದೆ. ನೀರು ನಿಂತ ಮರುದಿನ ಗದ್ದೆ ಕೆಲಸ ಹಗುರಾಗುತ್ತದೆ, ಫೋನ್ ಕೈಗೆ ಬರುತ್ತದೆ ಎಂಬುದು ಅವರ ಲೆಕ್ಕ.

ಪೊಲೀಸ್, ಶಿಕ್ಷಕ, ಗುಮಾಸ್ತ, ಕಂಡಕ್ಟರ್ ಹುದ್ದೆಗಳ ಪರೀಕ್ಷೆಗೆ ತಯಾರಿ ಮಾಡಿಸುವ ಈ ಸೆಂಟರಿನ ಪಟ್ಟಿಯಲ್ಲಿ ನಾಲ್ಕು ಸಾವಿರದ ಮೇಲೆ ಇಮೇಲ್ ವಿಳಾಸಗಳಿವೆ. ಯಾರಿಗೆ ಯಾವ ಮೇಲ್, ಯಾವ ದಿನ ಹೋಗಬೇಕು ಎಂದು ಅವನ್ನು ಗುಂಪು ಗುಂಪಾಗಿ ವಿಂಗಡಿಸುವುದು ನಲವತ್ತೆರಡರ ಗೊಲ್ಲಾಳಮ್ಮನ ಕೆಲಸ. ವಾಟ್ಸಾಪ್ ಸಾಲದೇ ಎಂದರೆ ನಗುತ್ತಾರೆ. "ಈ ಮಕ್ಕಳು ಸಿಮ್ಮು ಬದಲಿ ಮಾಡಿದಷ್ಟ ಅಂಗಿ ಬದಲಿ ಮಾಡಂಗಿಲ್ರಿ. ಅರ್ಜಿದಾಗ ಬರದ ಇಮೇಲ್ ಒಂದ ಖಾಯಂ ಇರ್ತದ."

ಅವರು ಸೇರಿದಾಗ ಎಲ್ಲರಿಗೂ ಒಂದೇ ಮೇಲ್ ಹೋಗುತ್ತಿತ್ತು. ಎರಡು ಸಲ ಪರೀಕ್ಷೆ ಬರೆದು ಸೋತಿದ್ದ ಖಾಜಾಹುಸೇನ ಒಂದು ದಿನ ಬಂದು ಫೋನ್ ಮುಂದೆ ಹಿಡಿದ. 'ಸೆಂಟರಿಗೆ ಸ್ವಾಗತ' ಎಂದಿತ್ತು. "ಮೂರು ವರ್ಸ ಆತು ಅಕ್ಕಾ, ಈಗ ಸ್ವಾಗತ ಮಾಡಾಕತ್ತೀರಿ?" ಎಂದು ನಕ್ಕ. ಆದರೆ ಅವನ ಕಣ್ಣು ನಗಲಿಲ್ಲ. ಅವನನ್ನು ಕೂರಿಸಿ ಚಹಾ ತರಿಸಿದ ಗೊಲ್ಲಾಳಮ್ಮ ಅದೇ ವಾರ ಪಟ್ಟಿ ಒಡೆಯಲು ಕುಳಿತರು. ಹೊಸಬರು ಬೇರೆಯಾದರು, ಹಳಬರು ಬೇರೆಯಾದರು. 'ನಪಾಸಾದವರು' ಎಂದು ಯಾರೋ ಹೆಸರಿಟ್ಟಿದ್ದ ಕಡತ 'ಇನ್ನೊಂದು ಸಲದವರು' ಆಯಿತು.

ನಿಜವಾದ ಪರೀಕ್ಷೆ ಬಂದದ್ದು ಮೂರು ವರ್ಷದ ಹಿಂದೆ, ಆಗಸ್ಟಿನಲ್ಲಿ. ಒಂದು ತಿಂಗಳಿಂದ ಒಂದೂ ಮೇಲ್ ತೆರೆಯದವರು ಆರುನೂರ ಹನ್ನೆರಡು ಮಂದಿ ಇದ್ದರು. ತೆರೆಯದ ಮೇಲ್ ಹೆಚ್ಚಾದರೆ ಉಳಿದವರಿಗೆ ಹೋಗುವುದೂ ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ. ಸೆಂಟರ್ ನಡೆಸುವ ಹಂಪಣ್ಣ ಸರ್, "ಮಲಗಿದವರನ್ನ ತಗದು ಹಾಕವ್ವ, ಎದ್ದವರಿಗರ ಮುಟ್ಟಲಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಗೊಲ್ಲಾಳಮ್ಮ ಅಳಿಸುವ ಮುನ್ನ ಒಮ್ಮೆ ಹೆಸರುಗಳನ್ನು ಓದುತ್ತ ಹೋದರು. ಅರ್ಧಕ್ಕಿಂತ ಹೆಚ್ಚಿನವರು ಹುಣಸಗಿ ಸುತ್ತಲಿನ ಕೆನಾಲು ದಂಡೆಯ ಹಳ್ಳಿಗಳವರು. ಮಳೆ ನಂಬಿದ ಬಳಿಚಕ್ರದ ಕಡೆಯವರು ಒಬ್ಬಿಬ್ಬರೇ. ಕೆನಾಲಿನವರು ಜುಲೈಯಲ್ಲಿ ಒಬ್ಬೊಬ್ಬರಾಗಿ ಸುಮ್ಮನಾಗಿದ್ದರು. "ನನಗ ಆಗ ತಿಳೀತ್ರಿ. ಕೆನಾಲಿಗಿ ನೀರು ಬಿಟ್ಟ ಮ್ಯಾಲಿನ ಮಾತದು. ಮಲಗಿಲ್ರಿ ಇವ್ರು, ಕೆಸರಾಗ ನಿಂತು ಭತ್ತ ಹಚ್ಚಾಕತ್ತಾರ."

ಅವರಿಗೆ ಇದು ಹೊಳೆಯಲು ಕಾರಣವಿದೆ. ಅವರೂ ಅದೇ ದಂಡೆಯವರು, ಕೂಲಿ ಮಾಡುವವರ ಮಗಳು. ಇಪ್ಪತ್ತರ ವಯಸ್ಸಿನಲ್ಲಿ ಶಿಕ್ಷಕಿ ಹುದ್ದೆಗೆ ದಾಖಲೆ ತರಲು ಕರೆದ ಪತ್ರ ಊರಿಗೆ ಬಂತು. ಆಗ ಮನೆಮಂದಿಯೆಲ್ಲ ನಾಟಿಗೆಂದು ದೂರದ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಪತ್ರ ಇಸಿದುಕೊಂಡ ಪಕ್ಕದ ಮನೆಯ ಭೀಮಾಬಾಯಿಗೆ ಓದು ಬರುತ್ತಿರಲಿಲ್ಲ. ಇವರು ಊರಿಗೆ ಮರಳುವಷ್ಟರಲ್ಲಿ ಕರೆದ ದಿನ ದಾಟಿ ನಾಲ್ಕು ದಿನವಾಗಿತ್ತು.

"ಅಕಿದೇನ್ ತಪ್ಪಿಲ್ರಿ. ಭಾಳ ಜ್ವಾಕಿ ಮಾಡಿದ್ಲು. ಕುಂಕುಮ ಹಚ್ಚಿ, ದೇವರ ಫೋಟೋದ ಹಿಂದ ಇಟ್ಟಿದ್ಲು." ಇದನ್ನು ಹೇಳುವಾಗ ಗೊಲ್ಲಾಳಮ್ಮ ಕೀಬೋರ್ಡಿನ ಧೂಳು ಒರೆಸುತ್ತಾರೆ. ಮುಂದೆ ಮದುವೆ, ಏಳು ವರ್ಷಕ್ಕೆ ಗಂಡನ ಸಾವು, ಶಹಾಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಸಂಜೆ ಹೊತ್ತು ಕಲಿತ ಕಂಪ್ಯೂಟರ್. ಇಷ್ಟನ್ನು ಅವರು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ.

ಅಂದು ಅವರು ಹಂಪಣ್ಣನವರಲ್ಲಿ ಹದಿನೈದು ದಿನ ಕೇಳಿದರು. "ಅಷ್ಟರಾಗ ಎದ್ದು ಬರಲಿಲ್ಲಂದ್ರ ನಾನ ನನ್ನ ಕೈಯಾರ ತಗೀತೀನ್ರಿ ಸರ್." ಕಂಡಕ್ಟರ್ ಹುದ್ದೆಯ ಅರ್ಜಿಗೆ ಕೊನೆಯ ದಿನ ಹತ್ತಿರ ಬರುತ್ತಿತ್ತು. 'ಕೆನಾಲಿನವರು' ಎಂದು ಹೊಸ ಗುಂಪು ಮಾಡಿ ಅವರಿಗೆ ದಿನದ ಪಾಠ, ಜಾಹೀರಾತು ಎಲ್ಲ ನಿಲ್ಲಿಸಿದರು. ಗೇಟು ನೋಡುವ ದುರಗಪ್ಪನವರ ನಂಬರು ಹುಡುಕಿ, ನೀರು ಬಂದ್ ಆಗುವ ದಿನಕ್ಕೆ ಕಾದರು. ಹತ್ತನೇ ದಿನ ಬೆಳಿಗ್ಗೆ ಎರಡೇ ಸಾಲು ಹೋದವು: 'ಅರ್ಜಿಗೆ ಇನ್ನು ನಾಲ್ಕು ದಿನ ಇದೆ. ಆಧಾರ್, ಮಾರ್ಕ್ಸ್‌ಕಾರ್ಡ್ ತೆಗೆದುಕೊಂಡು ಬನ್ನಿ, ನಾವು ತುಂಬಿಕೊಡುತ್ತೇವೆ.'

ಮಧ್ಯಾಹ್ನದವರೆಗೆ ಯಾರೂ ತೆರೆಯಲಿಲ್ಲ. "ನನಗ ಊಟ ಹೋಗ್ಲಿಲ್ರಿ." ಮೂರು ಗಂಟೆಯ ಮೇಲೆ ಒಬ್ಬರು ತೆರೆದರು, ಆಮೇಲೆ ನಾಲ್ವರು. ಸಂಜೆಗೆ ನೂರಾ ಎಂಟು. ಮರುದಿನ ಮೊದಲ ಬಸ್ಸಿಗೆ ಇಳಿದು ಮಹಡಿ ಹತ್ತಿ ಬಂದವಳು ಹಣಮಮ್ಮ. ಉಗುರಿನಲ್ಲಿ ಇನ್ನೂ ಕೆಸರಿತ್ತು. "ಹಂಪಣ್ಣ ಸರ್ ಮೇಲ್ ಹಾಕಿದ್ರು, ಇನ್ನೂ ಟೈಮ್ ಅದೇನ್ರಿ?" ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಅರ್ಜಿ ತುಂಬಿದ್ದು ಗೊಲ್ಲಾಳಮ್ಮ. ಆ ನಾಲ್ಕು ದಿನದಲ್ಲಿ ಕೆನಾಲಿನವರು ಎಪ್ಪತ್ತೊಂದು ಮಂದಿ ಅರ್ಜಿ ಹಾಕಿದರು, ಅವರಲ್ಲಿ ಒಂಬತ್ತು ಜನಕ್ಕೆ ಕೆಲಸವಾಯಿತು. ಹಂಪಣ್ಣ ಸರ್ ಅಂದಿನಿಂದ ಪಟ್ಟಿಯ ಹತ್ತಿರ ಬಂದಿಲ್ಲ. "ನನಗ ತಿಳಿಯಂಗಿಲ್ಲ ಅದು, ಗೊಲ್ಲಾಳಮ್ಮನ್ನ ಕೇಳ್ರಿ" ಎನ್ನುತ್ತಾರೆ.

ಪ್ರತಿ ಇಮೇಲ್‌ನ ಕೊನೆಯಲ್ಲೂ ಈಗಲೂ ಇರುವುದು ಸರ್ ಹೆಸರೇ. ಬೇಸರವಿಲ್ಲವೇ ಎಂದು ಕೇಳಿದ್ದಕ್ಕೆ ಗೊಲ್ಲಾಳಮ್ಮ ಹೋದ ತಿಂಗಳ ಮಾತೊಂದನ್ನು ಹೇಳುತ್ತಾರೆ. ಸುರಪುರದಲ್ಲಿ ಹುಣಸಗಿ ಬಸ್ಸು ಹತ್ತಿದಾಗ ಚೀಲ ನೇತುಹಾಕಿಕೊಂಡು ಟಿಕೆಟ್ ಕೊಡುತ್ತಿದ್ದವಳು ಹಣಮಮ್ಮ. ಅವಳು ಇವರ ಗುರುತು ಹಿಡಿಯಲಿಲ್ಲ. "ಒಳಗ ನಡೀರಿ ಅಕ್ಕಾ, ಹಿಂದ ಜಾಗ ಅದ" ಎಂದಳಂತೆ.

"ಆ ಮೇಲ್ ಕಳಿಸಿದ್ದು ನೀವೇ ಎಂದು ಹೇಳಲಿಲ್ಲವೇ?"

"ಬಸ್ ತುಂಬಿ ತುಳಕಾಕತ್ತಿತ್ರಿ, ಅಕಿ ಡ್ಯೂಟಿದಾಗ ಇದ್ಲು. ಯಾಕ ಹೇಳ್ಲಿ?" ಗೊಲ್ಲಾಳಮ್ಮ ಸೆರಗು ಸರಿಪಡಿಸಿಕೊಳ್ಳುತ್ತಾರೆ. "ಹಿಂದ ಹೋಗಿ ಕುಂತೆ. ಹುಣಸಗಿ ಬರತನಕ ಅಕಿ ಸೀಟಿ ಊದೂದು ಕೇಳ್ಕೋತ ಕುಂತಿದ್ದೆ."