ಕಂಬ ಬಡಿಯುತ್ತಿದ್ದ ಖಾಜಾಬೀ ಚಾಚಿ

ಠಣ್, ಠಣ್, ಠಣ್. ಆಳಂದದ ನಮ್ಮ ಓಣಿಯಲ್ಲಿ ಲೈಟಿನ ಕಬ್ಬಿಣದ ಕಂಬಕ್ಕೆ ಕಲ್ಲು ಬಡಿದ ಸದ್ದು ಕೇಳಿತೆಂದರೆ ಪುರಸಭೆಯ ಸಭೆ ಮುಗಿಯಿತೆಂದೇ ಅರ್ಥ. ಬಡಿಯುವವಳು ನಮ್ಮ ವಾರ್ಡಿನ ಮೆಂಬರ್ ಖಾಜಾಬೀ ಚಾಚಿ. ಸಭೆಗೆಂದೇ ಎತ್ತಿಟ್ಟ ಹಸಿರು ಸೀರೆ, ಬಾಯಲ್ಲಿ ಎಲೆಅಡಿಕೆ. ಮನೆಗೂ ಹೋಗದೆ ನೇರ ಕಂಬದ ಹತ್ತಿರ ಬರುತ್ತಿದ್ದಳು. ನನ್ನ ಹಿಟ್ಟಿನ ಗಿರಣಿ ಅದರ ಎದುರಿಗೇ. "ಏ ಶರಣಪ್ಪಾ, ಗಿರಣಿ ಬಂದ್ ಮಾಡೋ, ನನ್ನ ಮಾತು ಮಂದಿಗಿ ಕೇಳಬೇಕು" ಎಂದು ಕೂಗುವಳು. ನಾನು ಗೊಣಗುತ್ತಲೇ ಮೋಟರ್ ಆರಿಸುತ್ತಿದ್ದೆ.

ನಮ್ಮದು ಹೆಣ್ಣುಮಕ್ಕಳ ಮೀಸಲು ವಾರ್ಡು. ಇಂಥ ಕಡೆ ಹೆಂಡತಿ ಗೆದ್ದರೆ ಗಂಡನೇ ಮೆಂಬರ್ ಎಂದು ಮೆರೆಯುವುದು ರೂಢಿ. ಚಾಚಿಯ ಗಂಡ ತೀರಿಹೋಗಿದ್ದ. ಅವನಿದ್ದರೂ ನಡೆಯುತ್ತಿದ್ದುದು ಅವಳ ಬಾಯಿಯೇ ಬಿಡಿ.

"ಕೇಳ್ರಿ, ನಾ ಖಬರ್ ತರಾಕಿ, ಹುಕುಂ ಮಾಡಾಕಿ ಅಲ್ಲ" ಎಂದೇ ಅವಳ ಮಾತು ಶುರುವಾಗುತ್ತಿತ್ತು. ಆಮೇಲೆ ಸಭೆಯಲ್ಲಿ ಯಾರು ಏನೆಂದರು, ಯಾರು ತೂಕಡಿಸಿದರು, ಯಾವ ಕೆಲಸ ಯಾರ ಅಳಿಯನಿಗೆ ಹೋಯಿತು, ಎಲ್ಲ ಬಯಲು. ಮೊದಲು ಕನ್ನಡದಲ್ಲಿ, ಮತ್ತೆ ಅದನ್ನೇ ಉರ್ದುವಿನಲ್ಲಿ. ಎರಡೂ ಭಾಷೆ ಎಲ್ಲರಿಗೂ ಬರುತ್ತಿದ್ದವು. ಆದರೂ ಎರಡನೇ ಸಲಕ್ಕೂ ನಿಲ್ಲುತ್ತಿದ್ದೆವು, ಬೈಗುಳದ ರುಚಿ ಉರ್ದುವಿನಲ್ಲೇ ಹೆಚ್ಚು. ಒಮ್ಮೆ ನಮ್ಮ ನಲ್ಲಿ ನೀರಿನ ಸರದಿಯನ್ನು ಬೇರೆ ವಾರ್ಡಿಗೆ ಕೊಟ್ಟುಬಿಟ್ಟರು. "ಇವತ್ತ ನಾ ಸೋತು ಬಂದೀನಿ. ನನ್ನ ಮಾತು ಒಬ್ಬನೂ ಕೇಳಲಿಲ್ಲ. ನಾಳೆ ನೀರು ಬರಂಗಿಲ್ಲ, ಇವತ್ತೇ ತುಂಬಿಟ್ಕೊಳ್ರಿ" ಎಂದಳು. ಸೋತೆ ಎಂದು ಹೇಳಿದ ಮೆಂಬರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಬಾಯಿಯೇ ಅವಳಿಗೆ ಮುಳುವಾಯಿತು. ಮಳೆ ಬಂದರೆ ಗಟಾರದ ನೀರು ಓಣಿಯ ಕೆಳಗಿನ ಮನೆಗಳಿಗೆ ನುಗ್ಗುತ್ತಿತ್ತು. ಯಾಕೆ ನುಗ್ಗದು? ಎಲ್ಲರೂ ಗಟಾರದ ಮೇಲೆಯೇ ಕಟ್ಟೆ ಕಟ್ಟಿಕೊಂಡಿದ್ದೆವು. ಎದುರು ಸಾಲಿನ ನೀಲವ್ವನಂತೂ ಕಟ್ಟೆಯ ಮೇಲೆ ಗೋಡೆ ಎಬ್ಬಿಸಿ, ಒಳಗೆ ಒಲೆ ಹೂಡಿ ಮಿರ್ಚಿಭಜಿ ಕರಿಯುತ್ತಿದ್ದಳು. ಅವಳ ಮನೆ ನಡೆಯುತ್ತಿದ್ದುದೇ ಅದರಿಂದ.

ಒಂದು ಸಂಜೆ ಕಂಬ ಬಡಿದು ಚಾಚಿ ಹೇಳಿದಳು: "ಗಟಾರದ ಮ್ಯಾಲಿನ ಕಟ್ಟಿ ಎಲ್ಲಾ ತೆಗೀತಾರ. ನಾನೂ ಕೈ ಎತ್ತೀನಿ, ಸುಳ್ಳ್ಯಾಕ ಹೇಳ್ಲಿ? ನೀವೇ ಬಿಚ್ಕೊಂಡ್ರ ಕಲ್ಲರ ಉಳೀತಾವ. ನೀಲವ್ವಾ, ನಿನ್ನ ಗ್ವಾಡಿ ಕೈಲೆ ಇಳಿಸು ಬೇ. ಮಷಿನ್ ಬಂದ್ರ ಮನಿ ಗ್ವಾಡೀನೂ ಎಳಕೊಂಡ ಹೋಗ್ತದ." ಮರುದಿನವೇ ಹಾರೆ ಹಿಡಿದು ತನ್ನ ಕಟ್ಟೆ ತಾನೇ ಒಡೆದಳು.

ಓಣಿ ಉರಿದೆದ್ದಿತು. "ಈಕಿನೇ ಮಾಡ್ಸ್ಯಾಳ! ನನ್ನ ಹೊಟ್ಟಿ ಮ್ಯಾಲೆ ಕಾಲಿಟ್ಳು" ಎಂದು ನೀಲವ್ವ ಮಣ್ಣು ತೂರಿದಳು. ಅಷ್ಟರಲ್ಲಿ ಚುನಾವಣೆ ಬಂತು, ಕೆಲಸ ನಿಂತಿತು. ಒಬ್ಬ ಗುತ್ತಿಗೆದಾರ ತನ್ನ ಹೆಂಡತಿಯನ್ನು ನಿಲ್ಲಿಸಿ, "ಒಂದು ಕಲ್ಲೂ ಅಲುಗಾಡಂಗಿಲ್ಲ" ಎಂದು ಕೈಮುಗಿದ. ಶ್ಯಾಣ್ಯಾ ಮಂದಿ ನಾವು! ಚಾಚಿಯನ್ನು ಸೋಲಿಸಿ ಗುಲಾಲು ಎರಚಿಕೊಂಡೆವು. ಹೊಸ ಮೆಂಬರಳ ಮುಖವನ್ನು ಓಣಿ ಆಮೇಲೆ ನೋಡಲಿಲ್ಲ.

ಸೋತರೂ ಚಾಚಿ ಪುರಸಭೆಗೆ ಹೋಗುವುದು ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು, ಹೋಗುವ ಬರುವವರನ್ನು ಕೇಳಿ ಸುದ್ದಿ ತರುತ್ತಿದ್ದಳು. ಹಾಗೇ ಒಂದು ದಿನ ಕಂಬ ಬಡಿದಳು. ಬಡಿದೇ ಬಡಿದಳು. ಯಾರೂ ಹೊರಗೆ ಬರಲಿಲ್ಲ. ನೀಲವ್ವ ಬಾಗಿಲು ಧಡ್ ಎಂದು ಹಾಕಿಕೊಂಡಳು. ನಾನು ಮೋಟರ್ ಆರಿಸಿ ಒಬ್ಬನೇ ಹೋಗಿ ನಿಂತೆ. "ಕೇಳ್ರಿ, ನಾ ಖಬರ್ ತರಾಕಿ, ಹುಕುಂ ಮಾಡಾಕಿ ಅಲ್ಲ. ನಾಳೆ ಮಷಿನ್ ಬರ್ತದ." ಪೂರ್ತಿ ಸುದ್ದಿಯನ್ನು ಕನ್ನಡದಲ್ಲಿ ಹೇಳಿದಳು. ಆಮೇಲೆ ಅದನ್ನೇ ಉರ್ದುವಿನಲ್ಲಿ, ನನ್ನೊಬ್ಬನಿಗೇ. ಆ ಸಲ ಬೈಗುಳವಿರಲಿಲ್ಲ. 

ನಾನು ಮನೆಮನೆಗೆ ಹೋಗಿ ಹೇಳಿದೆ. "ಆಕಿ ಹುಚ್ಚು ನಿನಗೂ ಹತ್ತೈತಿ ನಡಿ" ಎಂದು ನಕ್ಕರು.

ಮರುದಿನ ಜೆಸಿಬಿ ಬಂತು. ನೀಲವ್ವನ ಗೋಡೆಯನ್ನು ಒಂದೇ ಏಟಿಗೆ ಕೆಡವಿತು, ಜೊತೆಗೆ ಮನೆಯ ಮುಂಗೋಡೆಯೂ ಬಿತ್ತು. ಹೊಸ ಮೆಂಬರಳ ಗಂಡ ಫೋನ್ ಎತ್ತಲಿಲ್ಲ. ನೀಲವ್ವ ಓಡಿದ್ದು ಚಾಚಿಯ ಬಾಗಿಲಿಗೆ. "ಗೊತ್ತಿದ್ದೂ ಯಾಕ ಹೇಳಲಿಲ್ಲ ಬೇ ನೀ?" ಎಂದು ಎದೆ ಬಡಿದುಕೊಂಡಳು! ಚಾಚಿ ಬಾಗಿಲು ಪೂರ್ತಿ ತೆರೆದಳು. "ಒಳಗ ಬಾ, ನೀರು ಕುಡಿ" ಎಂದಳು. ಅವಳ ಒಡೆದ ಕಟ್ಟೆಯ ಕಲ್ಲುಗಳು ಅಂಗಳದಲ್ಲಿ ಒಟ್ಟಿದ್ದವು. ನೀಲವ್ವನ ಮನೆಯ ಮುಂಗೋಡೆ ಮತ್ತೆ ಎದ್ದದ್ದು ಆ ಕಲ್ಲುಗಳಿಂದಲೇ.

ಚಾಚಿ ಆ ಚಳಿಗಾಲ ದಾಟಲಿಲ್ಲ. ಮಣ್ಣಿಗೆ ಇಡೀ ಓಣಿ ಬಂದಿತ್ತು. ಅವತ್ತು ಕಂಬದ ಹತ್ತಿರ ಅದರಲ್ಲಿ ಅರ್ಧ ಮಂದಿ ಬಂದಿದ್ದರೂ ಸಾಕಿತ್ತು. ಈಗ ಗಟಾರದ ನೀರು ಸಲೀಸಾಗಿ ಹರಿಯುತ್ತದೆ. ಅದರ ಪಕ್ಕದ ಫಲಕದಲ್ಲಿರುವುದು ಗುತ್ತಿಗೆದಾರನ ಹೆಂಡತಿಯ ಹೆಸರು.

ನೀಲವ್ವ ಈಗ ತಳ್ಳುಬಂಡಿಯಲ್ಲಿ ಭಜಿ ಕರಿಯುತ್ತಾಳೆ. ಮೊನ್ನೆ ಕಡಲೆಬೇಳೆ ಬೀಸಿಸಲು ಬಂದವಳು ಅಳುಕುತ್ತ ಕೇಳಿದಳು: "ಶರಣಪ್ಪಾ, ಬಂಡಿ ಎಲ್ಲಾ ಎಬ್ಬಸ್ತಾರಂತ, ಖರೇ ಏನು? ಸಭಾದಾಗ ಏನಾತು? ಯಾರರ ಏನರ ಹೇಳಿದ್ರೇನು?"

"ಆ ಕಂಬಾನ ಕೇಳವ್ವಾ" ಎಂದು ನಾನು ಮೋಟರ್ ಚಾಲೂ ಮಾಡಿದೆ.