ಲಿಂಗದ ಮೇಲೆ ಸೈಗಾನಿನ ಬಟ್ಟಲು

ಗೆಳೆಯರೇ, ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಸೋಲಾಪುರದ ಚಾದರ ಮಾರಲು ವಿಯೆಟ್ನಾಮಿನ ಸೈಗಾನಿಗೆ ಹೋದವನು ಅಲ್ಲಿ ಹನಿಹನಿಯಾಗಿ ಇಳಿಯುವ ಕಾಫಿಗೆ ಮರುಳಾಗಿ, ಅಂಗಡಿಯಾಕೆ ಅದನ್ನು ಸೋಸಲು ಬಳಸುತ್ತಿದ್ದ ತೂತಿನ ಬಟ್ಟಲನ್ನೇ ಕೇಳಿ ತಂದಿದ್ದೆ. ಅವಳ ಪಕ್ಕದ ಒಲೆಯಲ್ಲಿ ಸದಾ ಎಲುಬಿನ ಸಾರು ಕುದಿಯುತ್ತಿತ್ತು.

ಇಂದು ಅಕ್ಕಲಕೋಟೆಯ ಅತ್ತೆಯ ಮನೆಯಲ್ಲಿ ನೋಡಿದರೆ, ನನ್ನ ಚೀಲದಲ್ಲಿದ್ದ ಆ ಬಟ್ಟಲು ದೇವರ ಕೋಣೆಯಲ್ಲಿ ಲಿಂಗದ ಮೇಲೆ ತೂಗಿಕೊಂಡು ಅಭಿಷೇಕ ಮಾಡುತ್ತಿದೆ!

“ನಮ್ಮ ಧಾರಾಪಾತ್ರಿ ತೂತು ಮುಚ್ಚಿಹೋಗಿತ್ತು. ಛಲೋ ತಂದಿ ನೋಡು. ಶುದ್ಧ ಐತಿಲ್ಲೋ?” ಎಂದರು ಅತ್ತೆ. ಸಮುದ್ರ ದಾಟಿದ ನನಗೆ ಪಂಚಗವ್ಯ ಕುಡಿಸಿಯೇ ಒಳಗೆ ಬಿಟ್ಟವರು ಅವರು.

“ಹೌದ್ರಿ” ಎಂದೆ.

ಓಣಿಯವರೆಲ್ಲ ತೀರ್ಥ ಕುಡಿದರು. “ಇವತ್ತ ಏನೋ ಘಮ ಬಂದೈತ್ರಿ, ಇನ್ನೊಂದೀಟ ಹಾಕ್ರಿ” ಎಂದರು ಪಕ್ಕದ ಮನೆಯ ಅಜ್ಜ.

ಘಮ ಕಾಫಿಯದೇ ಆಗಿರಲಿ ದೇವರೇ ಎಂದುಕೊಂಡು ನಾನೂ ಕೈಯೊಡ್ಡಿದೆ.