ಶರಣಮ್ಮನದು ಅಜಾಗರೂಕತೆ ಅಲ್ಲ

ಬೆಳಗ್ಗೆ ನಾಗಮ್ಮ ಫೋನ್ ಮಾಡಿ "ಅಕ್ಕ ಹೋಗಿಬಿಟ್ಟಳ್ರೀ ಅಣ್ಣಾ" ಎಂದಳು.
"ಯಾವ ಅಕ್ಕ?" ಎಂದು ಕೇಳಿಬಿಟ್ಟೆ...
ಅವಳಿಗಿದ್ದದ್ದು ಒಬ್ಬಳೇ ಅಕ್ಕ.

ಶರಣಮ್ಮ ಇನ್ನಿಲ್ಲ ಗೆಳೆಯರೇ.
ಮೂರು ದಿನದ ಜ್ವರ... ಅಷ್ಟೇ.
ಹಲಸೂರಿನ ಸೈಬರ್ ಕೆಫೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ದುಃಖಕ್ಕಲ್ಲ, ಸಿಟ್ಟಿಗೆ.

ನಿಮ್ಮಲ್ಲಿ ಹೆಚ್ಚಿನವರಿಗೆ ಅವಳು ಗೊತ್ತಿಲ್ಲ.
ಯಾದಗಿರಿ ಕಡೆಯವಳು. ಹತ್ತು ವರ್ಷದ ಹಿಂದೆ ಕೆ.ಆರ್. ಪುರಂನ ಒಂದು ಶೆಡ್‌ನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದಳು.
ನಾನು ಅಲ್ಲಿ ಎಲೆಕ್ಟ್ರಿಷಿಯನ್.

ಆ ಮೆಷಿನ್‌ಗೆ ಎರಡು ಬಟನ್.
ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಕೈ ಒಳಗೆ ಸಿಕ್ಕದಿರಲಿ ಅಂತಲೇ ಹಾಗೆ ಮಾಡಿರುವುದು.

ಸೂಪರ್‌ವೈಸರ್ ಬಂದು ಹೇಳಿದ... "ಗುರು, ಒಂದು ಬಟನ್ ಬೈಪಾಸ್ ಮಾಡ್ಬಿಡು. ಹಿಂಗೇ ಒತ್ಕೊಂಡು ಕೂತ್ರೆ ಆರ್ಡರ್ ಮುಗಿಯಲ್ಲ."
ಒಂದೇ ಬಟನ್ ಒತ್ತಿದರೂ ಪ್ರೆಸ್ ಇಳಿಯುವ ಹಾಗೆ ವೈರ್ ಜೋಡಿಸಿದವನು ನಾನು.
ಹೌದು, ನಾನೇ.

ಎಂಟನೇ ದಿನ ಶರಣಮ್ಮನ ಎಡಗೈ ಬಟನ್ ಮೇಲಿತ್ತು, ಬಲಗೈ ತಗಡು ಸರಿಸುತ್ತಿತ್ತು.
ನಾಲ್ಕು ಬೆರಳು ಹೋದವು.

ಮರುದಿನ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುವ ಮುಂಚೆ ಅದೇ ಸೂಪರ್‌ವೈಸರ್ ವೈರ್ ಬಿಚ್ಚಿಸಿದ. ಬಿಚ್ಚಿದವನೂ ನಾನೇ.
ರಿಪೋರ್ಟ್‌ನಲ್ಲಿ ಬರೆದರು... ಎರಡೂ ಬಟನ್ ಸರಿಯಾಗಿವೆ, ಕಾರ್ಮಿಕಳ ಅಜಾಗರೂಕತೆ.
ಎರಡೂ ಕೈ ಬಟನ್ ಮೇಲಿದ್ದರೆ ಬೆರಳು ಹೇಗೆ ಹೋಗುತ್ತದೆ ಸ್ವಾಮಿ?
ಒಬ್ಬನೂ ಕೇಳಲಿಲ್ಲ!

ಶರಣಮ್ಮ... ಆಸ್ಪತ್ರೆಯಲ್ಲಿ ನೀನು ನನ್ನನ್ನು ಕೇಳಿದ್ದು ನೆನಪಿದೆಯಾ?
"ಅಣ್ಣಾ, ಖರೇ ಹೇಳ್ರಿ. ನಾ ತಪ್ಪು ಮಾಡೀನೇನ್ರಿ?"
ಬೆರಳು ಕಳೆದುಕೊಂಡವಳು ನೀನು. ತಪ್ಪು ಹುಡುಕಿಕೊಳ್ಳುತ್ತಿದ್ದವಳೂ ನೀನೇ.
"ಇಲ್ಲ ಕಣಮ್ಮ, ಆ ಬಟನ್ ಬೈಪಾಸ್ ಮಾಡಿದ್ದು ನಾನು" ಎಂದೆ.
ನೀನು ಗೋಡೆ ಕಡೆ ತಿರುಗಿ ಮಲಗಿದೆ.
ಮೂರನೇ ದಿನ ನೀನೇ ಕೇಳಿದೆ... "ಇದನ್ನ ಸಾಹೇಬ್ರ ಮುಂದ ಹೇಳ್ತೀರೇನ್ರಿ?"

ಲೇಬರ್ ಆಫೀಸಿನಲ್ಲಿ ನಾನು ಹೇಳಿದೆ. ಕೆಲಸ ಹೋಯಿತು. ಇಂದಿರಾನಗರದಲ್ಲಿ ಮನೆ ವೈರಿಂಗ್ ಹಿಡಿದೆ.
ನಿನ್ನ ಪರಿಹಾರಕ್ಕೆ ವರ್ಷಗಳೇ ಹಿಡಿದವು.
ಕಂಪನಿಯವರು ದಂಡ ಕಟ್ಟಿದರು, ಮರುದಿನವೇ ಪ್ರೆಸ್ ಓಡಿಸಿದರು. ಸೂಪರ್‌ವೈಸರ್ ಮ್ಯಾನೇಜರ್ ಆದ!

ನೀನು ಮಾತ್ರ ಸುಮ್ಮನೆ ಕೂರಲಿಲ್ಲ. ಬೇರೆ ಕಡೆ ಪ್ಯಾಕಿಂಗ್ ಕೆಲಸ ಮಾಡಿಕೊಂಡು, ಭಾನುವಾರ ಬಂದರೆ ಪ್ರೆಸ್ ಓಡಿಸುವ ಹೆಂಗಸರ ರೂಮು ರೂಮಿಗೆ ಹೋಗುತ್ತಿದ್ದೆ.
"ಮದ್ಲ ಒಂದs ಬಟನ್ ಒತ್ತಿ ನೋಡ್ರಿ. ಮಷೀನ್ ಇಳೀತಂದ್ರ ಅಲ್ಲಿ ಕೂಡಬ್ಯಾಡ್ರಿ."
ಎಷ್ಟು ಜನರ ಕೈ ಉಳಿಸಿದೆಯೋ... ನಿನಗೂ ಗೊತ್ತಿರಲಿಕ್ಕಿಲ್ಲ.

ಇವತ್ತು ಮಧ್ಯಾಹ್ನ ನಿನ್ನ ರೂಮಿನ ಮುಂದೆ ಕಾರು ನಿಂತಿತು. ಅದೇ ಶೆಡ್‌ನ ಓನರ್. ಕಂಪನಿ ಹೆಸರಿನ ದೊಡ್ಡ ಹಾರ ತಂದು ನಿನ್ನ ಮೇಲೆ ಹಾಕಿದ.
ನನ್ನ ಹತ್ತಿರ ಬಂದು ಹೇಳುತ್ತಾನೆ... "ಪಾಪ, ಒಳ್ಳೆ ಹುಡುಗಿ. ಆಗ ನಾವು ಎಷ್ಟು ಚೆನ್ನಾಗಿ ನೋಡ್ಕೊಂಡ್ವಿ ಅಲ್ವಾ?"
ನಾನು ಬಾಯಿ ತೆರೆಯುವ ಮುಂಚೆ ನಾಗಮ್ಮ ಹಾರ ತೆಗೆದು ಅವನ ಕೈಗೇ ಕೊಟ್ಟಳು.
"ಅಕೀದs ತಪ್ಪು ಅಂತ ಬರಿಸಿದ್ರಿ. ಅದು ಸುಳ್ಳು ಅಂತ ಇಲ್ಲಿ, ಎಲ್ಲಾರ ಮುಂದ ಹೇಳ್ರಿ. ಆಮ್ಯಾಲ ಹೂ ಹಾಕ್ರಿ."
ಅವನು ಹಾರ ಹಿಡಿದುಕೊಂಡೇ ಕಾರು ಹತ್ತಿದ.

ಗೆಳೆಯರೇ, ಇಲ್ಲಿ ಶೆಡ್ ಇಟ್ಟವರೂ ಇದ್ದೀರಿ.
ನಿಮ್ಮ "ಆರ್‌ಐಪಿ" ಬೇಡ.
ನಾಳೆ ಹನ್ನೊಂದಕ್ಕೆ ಮಣ್ಣು. ನಿಮ್ಮ ಪ್ರೆಸ್ ಮೇಲೆ ಕೂರುವ ಹೆಣ್ಣುಮಕ್ಕಳಿಗೆ ಅರ್ಧ ದಿನ ರಜೆ ಕೊಡಿ... ಸಂಬಳ ಹಿಡಿಯದೆ.

ಹೋಗಿ ಬಾ ತಾಯಿ...
ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.
ನಮಗೆ ಸಿಗದಿರಲಿ.